ಏಳನೇ ಸಾಲಿನಲ್ಲಿ ನಿಂತ ಕಣ್ಣು

ಮೇಷ್ಟ್ರ ಮುಖವನ್ನು ನೆನಪಿಸಿಕೊಳ್ಳಲು ಹೋದರೆ ಅದರ ಮೇಲೆ ಅಕ್ಷರಗಳು ಬರುತ್ತವೆ. ಹಣೆಯ ಮೇಲೆ ಮೂರು ಸಾಲು, ಮೂಗಿನ ಮೇಲೆ ಮೂರು, ತುಟಿಯ ಮೇಲೆ ಅಡ್ಡಲಾಗಿ ಒಂದು. ಸಾಲುಗಳ ಸಂದಿಯಲ್ಲಿ ಎರಡು ಕಣ್ಣು. ಮೊನ್ನೆ ಹಳೆಯ ಕಾರ್ಖಾನೆಯವರ ವಾಟ್ಸಾಪ್ ಗುಂಪಿನಲ್ಲಿ ಅವರು ತೀರಿಕೊಂಡ ಸುದ್ದಿಯ ಜೊತೆ ಒಂದು ಫೋಟೋ ಬಂತು. ಹಾರ ಹಾಕಿದ, ಅಕ್ಷರಗಳಿಲ್ಲದ, ಬರಿಯ ಮುಖ. ನನಗೆ ಗುರುತು ಸಿಗಲಿಲ್ಲ. ಕೆಳಗಿನ ಹೆಸರು ಓದಿ, ಮತ್ತೆ ಮೇಲೆ ಹೋಗಿ ಮುಖ ನೋಡಿ, ಮತ್ತೆ ಹೆಸರಿಗೆ ಬಂದೆ. ಹೀಗೆ ಹೋಗಿ ಬರುವುದನ್ನು ಅವರು ನೋಡಿದ್ದರೆ ಖುಷಿಪಡುತ್ತಿದ್ದರು.

ಪೀಣ್ಯದಲ್ಲಿ ತಗಡಿನ ಬಿಡಿಭಾಗಗಳನ್ನು ಒತ್ತಿ ತೆಗೆಯುವ ಒಂದು ಕಾರ್ಖಾನೆ. ನಾನು ಅಲ್ಲಿ ಸಿಬ್ಬಂದಿಯನ್ನು ನೋಡಿಕೊಳ್ಳುವ ಪರ್ಸನೆಲ್ ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವರು ಕಾರ್ಮಿಕರ ತರಬೇತಿ ನೋಡಿಕೊಳ್ಳುತ್ತಿದ್ದರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ಪರೀಕ್ಷಿಸುವ ಕೆಲಸದಲ್ಲಿದ್ದು, ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಅವರು ಪಾಠ ಮಾಡಿರಲಿಲ್ಲ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ತಗಡು ಒತ್ತುವ ಯಂತ್ರ, ಪವರ್ ಪ್ರೆಸ್, ನಡೆಸಲು ಹೋಗುವವರು ಮೊದಲು ಒಂಬತ್ತು ಸಾಲಿನ ಸುರಕ್ಷತಾ ಸೂಚನೆಯನ್ನು ಗಟ್ಟಿಯಾಗಿ ಓದಬೇಕು. ಎದುರಿಗೆ ಇಬ್ಬರು: ತರಬೇತಿಯವರೊಬ್ಬರು, ಪರ್ಸನೆಲ್‌ನಿಂದ ಒಬ್ಬರು. ಪರ್ಸನೆಲ್‌ನವರ, ಅಂದರೆ ನನ್ನ, ಕೈಯಲ್ಲಿ ಅದೇ ಒಂಬತ್ತು ಸಾಲು ಅಚ್ಚಾದ ಹಾಳೆ. ಕಾರ್ಮಿಕ ಒಂದು ಸಾಲು ಓದಿದರೆ ನಾನೊಂದು ಟಿಕ್ ಹಾಕಬೇಕು. ಕೊನೆಗೆ ‘ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂಬುದರ ಕೆಳಗೆ ಅವನ ಸಹಿ, ಪಕ್ಕದಲ್ಲಿ ನಮ್ಮಿಬ್ಬರದು.

ಮೇಷ್ಟ್ರು ಬರುವ ಮೊದಲು ಆ ಸೂಚನೆ ಗೋಡೆಯ ಮೇಲಿತ್ತಂತೆ. ಓದುವವನ ಬೆನ್ನು ಮಾತ್ರ ಪರೀಕ್ಷೆ ಮಾಡುವವರಿಗೆ ಕಾಣುತ್ತಿತ್ತು. ಇವರು ಬಂದ ಮೊದಲ ವಾರದಲ್ಲೇ ಅದರ ಅಕ್ಷರಗಳನ್ನು ಕತ್ತರಿಸಿ ಗಾಜಿನ ಹಾಳೆಯ ಮೇಲೆ ಅಂಟಿಸಿ, ಮೇಜಿನ ಮೇಲೆ ನಿಲ್ಲಿಸಿ, ತಾವು ಅದರ ಹಿಂದೆ ಕೂತರು. ಓದುವವನಿಗೆ ಅಕ್ಷರ ನೇರ, ಇವರಿಗೆ ಉಲ್ಟಾ. ನಡುವೆ ಅವನ ಕಣ್ಣು. ಗಾಜು ಎಂದೆ. ಅದು ಅಕ್ರಿಲಿಕ್ ಪ್ಲಾಸ್ಟಿಕ್ ಇರಬೇಕು. ಪ್ರೆಸ್‌ಗಳು ಇಡೀ ದಿನ ನೆಲ ನಡುಗಿಸುವ ಕಡೆ ಯಾರು ಗಾಜು ನಿಲ್ಲಿಸುತ್ತಾರೆ? ಆದರೂ ನನಗೆ ನೆನಪಿರುವುದು ಗಾಜೇ. ಬೆರಳಲ್ಲಿ ತಟ್ಟಿದರೆ ಟಿಣ್ ಎನ್ನುತ್ತಿತ್ತು. ಎನ್ನುತ್ತಿತ್ತೇ?

“ಬಾಯಿ ಸುಳ್ಳು ಹೇಳತ್ತೆ ಕಣಮ್ಮ. ಕಣ್ಣಿಗೆ ಅಷ್ಟು ಬುದ್ಧಿ ಇಲ್ಲ,” ಎಂದರು ನಾನು ಮೊದಲ ಸಲ ಪರೀಕ್ಷೆಗೆ ಕೂತಾಗ. “ನಿಜವಾಗಿ ಓದೋನ ಕಣ್ಣು ಬಾಯಿಗಿಂತ ಒಂದೆರಡು ಪದ ಮುಂದಿರತ್ತೆ. ಬಾಯಿಪಾಠ ಮಾಡ್ಕೊಂಡು ಬಂದೋನ ಕಣ್ಣು ಬಾಯಿ ಹಿಂದೆ ಓಡ್ಬರತ್ತೆ, ಬಸ್ ತಪ್ಪಿಸ್ಕೊಂಡೋನ ಥರ.”

ಬಾಯಿಪಾಠ ಮಾಡಿಕೊಂಡು ಬರುವವರು ಬಹಳ. ಹತ್ತಿರದ ಲಗ್ಗೆರೆಯ ಒಂದೊಂದು ಬಾಡಿಗೆ ಕೋಣೆಯಲ್ಲಿ ಐದಾರು ಜನ ಕಾರ್ಮಿಕರು. ಅವರಲ್ಲಿ ಒಬ್ಬ ಪಾಸಾಗಿದ್ದರೆ ಸಾಕು, ಅವನ ಬಾಯಿಂದ ಉಳಿದವರಿಗೆ ಒಂಬತ್ತೂ ಸಾಲು ಹಾಡಿನ ಹಾಗೆ ದಾಟುತ್ತಿತ್ತು. ಮೇಷ್ಟ್ರು ಕಣ್ಣು ನೋಡುತ್ತಾರೆ ಎಂದು ಗೊತ್ತಾದ ಮೇಲೆ ಅದಕ್ಕೂ ತಯಾರಿ ನಡೆಯಿತು. ಪರೀಕ್ಷೆಯ ಕೋಣೆಯ ಹೊರಗೆ ಒಬ್ಬ ಇನ್ನೊಬ್ಬನಿಗೆ ಹೇಳಿಕೊಡುವುದನ್ನು ನಾನೇ ಕೇಳಿದ್ದೇನೆ: “ಮಗಾ, ಬಾಯಿ ಇರ್ಲಿ ಬಿಡು, ಕಣ್ಣು ಆಡ್ಸು. ಎರಡು ಸಲ ಮುಂದೆ, ಒಂದು ಸಲ ಹಿಂದೆ. ಪಾಸ್!”

ಹೇಳಿಸಿಕೊಂಡವನು ಒಳಗೆ ಬಂದು ಕಣ್ಣು ಆಡಿಸಿದ. ಮೇಷ್ಟ್ರು ಪೂರ್ತಿ ಕೇಳಿ, ಗಾಜಿನ ಪಕ್ಕದಿಂದ ತಲೆ ಹೊರಗೆ ಹಾಕಿದರು.

“ಏನಪ್ಪಾ, ‘ಮತ್ತು’ ಅನ್ನೋ ಪದಕ್ಕೆ ಮೂರು ಸಲ ವಾಪಸ್ ಬಂದ್ಯಲ್ಲ. ಅದ್ರಲ್ಲಿ ಅಂಥಾದ್ದೇನ್ ಕಂಡೆ?”

ಅವನು ನಕ್ಕುಬಿಟ್ಟ. ನಾನೂ ನಕ್ಕೆ. ಮೇಷ್ಟ್ರು ಯಾರಿಗೂ ಫೇಲ್ ಎನ್ನುತ್ತಿರಲಿಲ್ಲ. ಫ್ಲಾಸ್ಕಿನಿಂದ ಒಂದು ಲೋಟಕ್ಕೆ ಬಗ್ಗಿಸಿ ಮುಂದೆ ಇಟ್ಟು, “ಟೀ ಕುಡಿ. ಇನ್ನೊಂದ್ಸಲ ಓದೋಣ,” ಎನ್ನುತ್ತಿದ್ದರು. ಅಷ್ಟೆ. ಆ ಮಾತು ಕೇಳಿದವನಿಗೆ ಗೊತ್ತಾಗುತ್ತಿತ್ತು, ಪ್ರೆಸ್ ಇವತ್ತು ಸಿಗುವುದಿಲ್ಲ.

ಪ್ರೆಸ್ ವಿಭಾಗದ ಸೂಪರ್‌ವೈಸರ್‌ಗೆ ಇದು ತಲೆನೋವು. ಬಾಗಿಲಲ್ಲಿ ನಿಂತು, “ಏನ್ ಮೇಷ್ಟ್ರೇ, ಕಣ್ಣಾಸ್ಪತ್ರೆ ಇಟ್ಕೊಂಡಿದೀರಾ? ಅಲ್ಲಿ ಮಷೀನ್ ಖಾಲಿ ಬಿದ್ದಿದೆ,” ಎನ್ನುತ್ತಿದ್ದ.

“ಆಸ್ಪತ್ರೇಲಿ ಕಣ್ಣು ಕಾಣತ್ತಾ ಅಂತ ನೋಡ್ತಾರೆ ಕಣಯ್ಯ. ನಾನು ಓದತ್ತಾ ಅಂತ ನೋಡ್ತೀನಿ.”

ಗೇಟಿನೆದುರಿನ ಟೀ ಅಂಗಡಿಯಲ್ಲಿ ಒಂದು ಮಧ್ಯಾಹ್ನ ನನ್ನ ಚೀಲದಲ್ಲಿದ್ದ ಪುಟ್ಟ ಕನ್ನಡಿ ಕೇಳಿ ಪಡೆದು, ನನ್ನ ಮುಖಕ್ಕೇ ಹಿಡಿದರು.

“ನಿನ್ನ ಎಡಗಣ್ಣು ನೋಡು. ಈಗ ಬಲಗಣ್ಣು. ಮತ್ತೆ ಎಡಗಣ್ಣು. ಕಣ್ಣು ಆಡಿದ್ದು ಕಾಣ್ತಾ?”

ನಾಲ್ಕಾರು ಸಲ ಮಾಡಿದೆ. ಪ್ರತಿ ಸಲವೂ ಕಣ್ಣು ಸುಮ್ಮನೆ ನಿಂತೇ ಇತ್ತು.

“ಇಲ್ಲ ಸಾರ್.”

“ನನಗೆ ಕಾಣ್ತು. ಪಕ್ಕದಲ್ಲಿರೋ ಇವನಿಗೂ ಕಾಣ್ತು.” ಟೀ ಅಂಗಡಿಯವ ಹೌದೆಂದು ತಲೆಯಾಡಿಸಿದ. “ಜಿಗಿಯೋವಾಗ ಕಣ್ಣಿಗೆ ಏನೂ ಕಾಣಲ್ಲಮ್ಮ. ನಿಂತಾಗ ಮಾತ್ರ ಕಾಣತ್ತೆ. ಓದೋದೂ ಅಷ್ಟೇ. ಸಾಲಿನ ಮೇಲೆ ಹರಿದು ಹೋಗ್ತಾ ಇದೀವಿ ಅಂದ್ಕೊಂಡಿರ್ತೀವಿ. ಹರಿಯಲ್ಲ. ಜಿಗಿದು ನಿಲ್ಲತ್ತೆ, ಜಿಗಿದು ನಿಲ್ಲತ್ತೆ. ಮಧ್ಯದ್ದನ್ನ ತಲೆ ತುಂಬಿಸ್ಕೊಂಡು, ಎಲ್ಲಾ ನೋಡಿದೀನಿ ಅಂತ ಜಂಬ ಪಡತ್ತೆ.”

ನೆನಪು ಎಂಬುದನ್ನು ನಾನು ನಂಬದೆ ಇರಲು ಶುರುಮಾಡಿದ್ದು ಅಂದಿನಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವಾಗಿ ಅದು ಶುರುವಾದದ್ದು ಇನ್ನೊಂದು ದಿನ. ಅದಕ್ಕೆ ಬರುತ್ತೇನೆ. ಬರಬೇಕೆಂದೇ ಇದನ್ನೆಲ್ಲ ಬರೆಯುತ್ತಿರುವುದು, ಆದರೆ ಕಣ್ಣು ಅಲ್ಲಿಗೆ ಹೋಗಲು ಒಪ್ಪದೆ ಟೀ ಅಂಗಡಿಯ ಹತ್ತಿರ ಸುತ್ತುತ್ತಿದೆ.

ಅವರ ಒಂದು ಸಿಟ್ಟು ಹೇಳಬೇಕು. ಚಿಕ್ಕಂದಿನಲ್ಲಿ ಅವರು ಬೆರಳಿಟ್ಟು ಓದುತ್ತಿದ್ದರಂತೆ. ಓದಿದ ಪದಕ್ಕೇ ಮತ್ತೆ ಮತ್ತೆ ಬೆರಳು ಹಿಂದೆ ಹೋಗುತ್ತಿತ್ತು. ಶಾಲೆಯ ಮೇಷ್ಟ್ರು ಆ ಬೆರಳಿನ ಗೆಣ್ಣಿಗೆ ಸ್ಕೇಲಿನಲ್ಲಿ ಹೊಡೆದು, ಹಿಂದೆ ನೋಡುವವನು ದಡ್ಡ ಎಂದರಂತೆ. “ಹಿಂದಕ್ಕೆ ಹೋಗೋನಿಗೆ ಅರ್ಥ ಬೇಕಾಗಿದೆ ಅಂತ ಲೆಕ್ಕ. ಒಂದೇ ಸಮ ಮುಂದೆ ಹೋಗೋನಿಗೆ ಮುಗಿದ್ರೆ ಸಾಕಾಗಿದೆ,” ಎನ್ನುವಾಗ ಅವರ ಬಲಗೈ ತೋರುಬೆರಳು ಮೇಜಿನ ಮೇಲೆ ತಾನಾಗಿ ಹಿಂದಕ್ಕೆ ಸರಿಯುತ್ತಿತ್ತು. ಒತ್ತಕ್ಷರ ಬಂದ ಕಡೆ ಓದುವವನ ಕಣ್ಣು ಒಂದು ಕೂದಲೆಳೆಯಷ್ಟು ಕೆಳಗಿಳಿದು ಹತ್ತುತ್ತದೆ ಎಂದೂ ಹೇಳುತ್ತಿದ್ದರು. ನಿಜವೋ ಸುಳ್ಳೋ, ನನಗೆ ಎಂದೂ ಕಂಡಿಲ್ಲ.

ಒಂದು ಕೊರತೆಯನ್ನೂ ಹೇಳಬೇಕು. ಅವರಿಗೆ ಮಾತು ಕೇಳಿಸುತ್ತಿರಲಿಲ್ಲ. ಕಿವಿ ಚೆನ್ನಾಗಿತ್ತು, ಗಮನ ಇರುತ್ತಿರಲಿಲ್ಲ. ಮನೆಯ ಕಷ್ಟವೊಂದನ್ನು ಹತ್ತು ನಿಮಿಷ ಹೇಳಿಕೊಂಡ ಮೇಲೆ ನನ್ನ ಕಣ್ಣನ್ನೇ ನೋಡುತ್ತ, “ಏನಂದೆ?” ಎಂದಿದ್ದರು.

ಹಣಮಂತ ಯಾದಗಿರಿ ಕಡೆಯವನು. ಮೂವತ್ತೈದು ದಾಟಿತ್ತು. ಹೆಂಡತಿ ಮಕ್ಕಳು ಊರಲ್ಲಿ, ತಾನು ಲಗ್ಗೆರೆಯ ಕೋಣೆಯಲ್ಲಿ. ಎರಡು ವರ್ಷದಿಂದ ತಗಡು ಹೊರುತ್ತಿದ್ದ; ಪ್ರೆಸ್ ಮೇಲೆ ಕೂತರೆ ಆಪರೇಟರ್, ಆಪರೇಟರ್ ಆದರೆ ಮನೆಯವರನ್ನು ಕರೆಸಿಕೊಳ್ಳಬಹುದು. ಮೊದಲ ಸಲ ಬಂದಾಗ ಒಂಬತ್ತೂ ಸಾಲನ್ನು ಮಂಗಳಾರತಿಯ ಧಾಟಿಯಲ್ಲಿ ಒಪ್ಪಿಸಿದ. ಮೇಷ್ಟ್ರು ಟೀ ಬಗ್ಗಿಸಿದರು. ಅವನಿಗೆ ಅರ್ಥವಾಯಿತು.

“ಬಾಯಾಗ ಅದ್ರಿ ಸರ,” ಎಂದ ತಲೆ ತಗ್ಗಿಸಿ. “ಕಣ್ಣಾಗ ನಿಂದ್ರವಲ್ದು.”

ಈ ಮಾತು ಮೇಷ್ಟ್ರಿಗೆ ಕೇಳಿಸಿತು. ಅಷ್ಟು ನಿಜ ಹೇಳಿದವನು ಅವನೊಬ್ಬನೇ ಇರಬೇಕು. ಮರುದಿನದಿಂದ ಊಟದ ಬಿಡುವಿನಲ್ಲಿ ಅವನನ್ನು ಗಾಜಿನ ಮುಂದೆ ಕೂರಿಸಿಕೊಂಡರು. ತಿಂಗಳುಗಟ್ಟಲೆ. ಎರಡನೇ ಪರೀಕ್ಷೆಯಲ್ಲೂ ಟೀ ಬಂತು; ಮೂರನೆಯದಕ್ಕೆ ಅವನು ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬಿಸ್ಕತ್ತಿನ ಪೊಟ್ಟಣ ಎಲ್ಲವನ್ನೂ ತಡೆತಡೆದು ಓದುವ ಹೊತ್ತಿಗೆ ಬಂದಿದ್ದ. “ಹಿಂದಕ್ಕೆ ಹೋಗ್ತಿದಾನೆ ಕಣಮ್ಮ!” ಎಂದು ಮೇಷ್ಟ್ರು ನನ್ನ ಮೇಜಿಗೆ ಬಂದು ಹೇಳಿದ್ದರು, ಮಗು ಹೆಜ್ಜೆ ಇಟ್ಟ ಸುದ್ದಿ ಹೇಳುವವರ ಹಾಗೆ.

ಆ ನಡುವೆ ಕಾರ್ಖಾನೆಗೆ ಒಂದು ಹಳೆಯ ಪ್ರೆಸ್ ಬಂತು. ಅದರ ದೊಡ್ಡ ಗಾಲಿ ಮೋಟಾರ್ ನಿಂತ ಮೇಲೂ ಬಹಳ ಹೊತ್ತು ತಿರುಗುತ್ತಿತ್ತು, ಮತ್ತು ತಿರುಗುತ್ತಿರುವವರೆಗೂ ಕಾಲಿನ ಪೆಡಲ್ ಒತ್ತಿದರೆ ಪ್ರೆಸ್ಸಿನ ಅಚ್ಚು ಕೆಳಗಿಳಿದುಬಿಡುತ್ತಿತ್ತು. ಸೂಚನೆಯ ಏಳನೇ ಸಾಲು ಮೊದಲು ಹೀಗಿತ್ತು: ‘ತುಂಡು ಸಿಕ್ಕಿಕೊಂಡರೆ ಮೋಟಾರ್ ನಿಲ್ಲಿಸಿ ತೆಗೆಯಬೇಕು.’ ಮೇಷ್ಟ್ರು ಅದಕ್ಕೆ ನಾಲ್ಕು ಪದ ಸೇರಿಸಿದರು: ‘ತುಂಡು ಸಿಕ್ಕಿಕೊಂಡರೆ ಮೋಟಾರ್ ನಿಲ್ಲಿಸಿ, ಗಾಲಿ ಪೂರ್ತಿ ನಿಂತ ಮೇಲೆಯೇ ತೆಗೆಯಬೇಕು.’ ಹಣಮಂತನ ಮೂರನೇ ಪರೀಕ್ಷೆಯ ಹಿಂದಿನ ಸಂಜೆ ಗಾಜಿನ ಮೇಲೆ ಹೊಸ ಸಾಲು ಅಂಟಿಸಿದರು. ನನ್ನ ಹಾಳೆಯೂ ಹೊಸದಾಗಿ ಅಚ್ಚಾಯಿತು. ಲಗ್ಗೆರೆಯ ಕೋಣೆಗಳಲ್ಲಿ ಮಾತ್ರ ಹಳೆಯ ಹಾಡೇ ಉಳಿಯಿತು.

ಹಣಮಂತನ ಮೂರನೇ ಪರೀಕ್ಷೆ ಬೆಳಗಿನ ಪಾಳಿ ಶುರುವಾದ ಮೇಲೆ ನಡೆಯಿತು. ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿದ್ದ. “ಮೇಡಂ, ಬೇಗ ಆಗ್ಲಿ. ಆ ಹಳೇ ಪ್ರೆಸ್‌ಗೆ ಇವನೇ ಬೇಕು,” ಎಂದ. ನನ್ನ ಕೆಲಸ ಕಾಯಂ ಆಗುವ ಕಾಗದ ಅದೇ ವಾರ ಮೇಲೆ ಹೋಗಬೇಕಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಹೇಳುತ್ತಿದ್ದೇನೇನೋ.

ಹಣಮಂತ ಓದಿದ. ಹಾಡಿಕೆ ಇರಲಿಲ್ಲ, ನಿಧಾನ ಇತ್ತು. ಒಂದು, ಎರಡು, ಮೂರು. ನಾನು ಟಿಕ್ ಹಾಕುತ್ತ ಹೋದೆ. ಏಳನೆಯದಕ್ಕೆ ಬಂದಾಗ, “ತುಂಡು ಸಿಕ್ಕಿಕೊಂಡರೆ ಮೋಟಾರ್ ನಿಲ್ಲಿಸಿ ತೆಗೆಯಬೇಕು,” ಎಂದ. ಎಂದು, ಸುಮ್ಮನಾದ. ಆಮೇಲೆ ಎಂಟನೆಯದು, ಒಂಬತ್ತನೆಯದು. ಮುಗಿಯಿತು.

ಗಾಜಿನ ಹಿಂದಿನಿಂದ ಮೇಷ್ಟ್ರು ಎದ್ದು ಬಂದು ಅವನ ಬೆನ್ನು ತಟ್ಟಿದರು. ನನ್ನ ಕಡೆ ತಿರುಗಿ, “ಏಳನೇ ಸಾಲಲ್ಲಿ ನಿಂತ, ಹಿಂದಕ್ಕೋದ, ಮತ್ತೆ ಬಂದು ನಿಂತ. ನೋಡಿದ್ಯಾ? ಹೊಸ ಪದ ಕಣ್ಣಿಗೆ ಸಿಕ್ಕಿದೆ ಅವನಿಗೆ!” ಎಂದರು. ಕಣ್ಣಲ್ಲಿ ನೀರಿತ್ತು. ಇತ್ತೆಂದು ನನ್ನ ನೆನಪು. ಫ್ಲಾಸ್ಕಿಗೆ ಅವರು ಕೈ ಹಾಕಲಿಲ್ಲ. ಮೂವರೂ ಸಹಿ ಹಾಕಿದೆವು.

ಅದಾದ ಮೂರನೆಯ ವಾರ ಹಳೆಯ ಪ್ರೆಸ್ಸಿನಲ್ಲಿ ಒಂದು ತುಂಡು ಸಿಕ್ಕಿಕೊಂಡಿತು. ಹಣಮಂತ ಮೋಟಾರ್ ನಿಲ್ಲಿಸಿದ. ತೆಗೆಯಲು ಕೈ ಹಾಕಿದ. ಬಗ್ಗಿದಾಗ ಕಾಲು ಪೆಡಲ್‌ಗೆ ತಾಗಿತು. ಗಾಲಿ ಇನ್ನೂ ತಿರುಗುತ್ತಿತ್ತು.

ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಗೆ ಕಾರ್ಖಾನೆಯ ಪರವಾಗಿ ಹೋದವಳು ನಾನು. ಬ್ಯಾಂಡೇಜು ಕಟ್ಟಿದ ಕೈಯನ್ನು ಇನ್ಯಾರದೋ ವಸ್ತುವಿನ ಹಾಗೆ ಎದೆಯ ಮೇಲೆ ಇಟ್ಟುಕೊಂಡಿದ್ದ. ನನ್ನನ್ನು ನೋಡಿ ಏಳಲು ಹೋದ.

“ಮೋಟಾರ್ ಬಂದ್ ಮಾಡಿದ್ನಿರಿ ಮೇಡಂ. ಓದಿದಾಂಗ ಮಾಡೀನ್ರಿ.”

ಮಲಗು ಎಂದು ಕೈಯಲ್ಲೇ ಸನ್ನೆ ಮಾಡಿದೆ.

“ಅವತ್ತ ಅಲ್ಲಿ ಏನೋ ಹೊಸಾದು ಕಂಡಾಂಗಾತ್ರಿ. ಬಾಯಾಗ ಹಳೇದ ಬಂದಿತ್ತು. ತಪ್ಪಾತೇನು ಅಂತ ಕೇಳಬೇಕಂದೆ. ನೀವು ಟಿಕ್ ಹಾಕಿದ್ರಿ. ಸರಿ ಅದ ಅಂತ ಮುಂದ ಹೋದೆ.”

ಅವನು ದೂರುತ್ತಿರಲಿಲ್ಲ. ಹಾಗೆ ಆಯಿತು ಎಂದು ಹೇಳುತ್ತಿದ್ದ. ಗ್ಲೂಕೋಸ್ ಬಾಟಲಿಯ ಮೇಲಿನ ಹೆಸರನ್ನು ಓದಲು ನೋಡುತ್ತಿದ್ದ. ಅವನ ಕಣ್ಣು ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗುತ್ತಿತ್ತು. ನಾನು ಆಫೀಸಿಗೆ ಬಂದು ಬರೆದ ವರದಿಯಲ್ಲಿ ಟಿಕ್‌ನ ಮಾತು ಇರಲಿಲ್ಲ. ‘ಕಾರ್ಮಿಕನು ಸೂಚನೆಯನ್ನು ಪೂರ್ತಿಯಾಗಿ ಓದಿದ್ದನ್ನು ಕೇಳಿದ್ದೇನೆ’ ಎಂದು ಬರೆದೆ.

ವಿಚಾರಣೆಯಲ್ಲಿ ಮ್ಯಾನೇಜರ್ ಆ ಹಾಳೆಯನ್ನು ಮೇಜಿನ ಮೇಲೆ ಹರವಿದರು. “ಓದಿದಾನೆ, ಸೈನ್ ಹಾಕಿದಾನೆ. ಮೇಡಂ ಕೇಳಿದಾರೆ. ಇನ್ನೇನ್ರೀ? ಅವನ ಅಜಾಗರೂಕತೆ.”

ಮೇಷ್ಟ್ರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂಬತ್ತು ಟಿಕ್. ಎಂಟು ಒಂದೇ ರೀತಿ ಇದ್ದವು, ಹಾರುತ್ತ ಹಾಕಿದವು. ಏಳನೆಯದರ ಬುಡದಲ್ಲಿ ಮಾತ್ರ ಒಂದು ದಪ್ಪ ಚುಕ್ಕೆ ಇತ್ತು, ಪೆನ್ನನ್ನು ಒಂದು ಜಾಗದಲ್ಲಿ ಊರಿ ನಿಲ್ಲಿಸಿದರೆ ಶಾಯಿ ಹರಡುತ್ತದಲ್ಲ, ಹಾಗೆ. ಅವರ ಕಣ್ಣು ಅಲ್ಲಿಗೆ ಹೋಯಿತು. ಮುಂದೆ ಸರಿಯಿತು. ಹಿಂದೆ ಬಂತು. ನಿಂತಿತು.

ಆಗ ತಲೆ ಎತ್ತಿ ನನ್ನನ್ನು ನೋಡುತ್ತಾರೆ ಎಂದುಕೊಂಡೆ. ನೋಡಲಿಲ್ಲ.

“ಅವನು ಹೊಸ ಸಾಲು ಓದಿಲ್ಲ ಸಾರ್,” ಎಂದರು ಮ್ಯಾನೇಜರ್‌ಗೆ. “ಹಳೇದನ್ನ ಹೇಳಿದಾನೆ. ಆಸ್ಪತ್ರೇಲಿ ಕೇಳ್ದೆ, ಇವತ್ತಿಗೂ ಅದನ್ನೇ ಹೇಳ್ತಾನೆ. ಕಣ್ಣು ನಿಂತಿದ್ದು ನೋಡಿ ಅರ್ಥ ಆಯ್ತು ಅಂದ್ಕೊಂಡೆ. ಸಿಕ್ಕಿಹಾಕ್ಕೊಂಡಿತ್ತು ಅದು. ಎರಡೂ ಹೊರಗಡೆಯಿಂದ ಒಂದೇ ಥರ ಕಾಣತ್ತೆ. ನಾನು ಕಣ್ಣು ನೋಡ್ತಾ ಕಿವಿ ಕೊಡಲಿಲ್ಲ. ತಪ್ಪು ನಂದು, ಹಂಗೇ ಬರ್ಕೊಳ್ಳಿ.”

ಆ ಮಾತಿನಿಂದ ಹಣಮಂತನ ಮೇಲೆ ತಪ್ಪು ಬೀಳಲಿಲ್ಲ. ಮೇಷ್ಟ್ರ ಕೆಲಸ ಹೋಯಿತು. ನನ್ನದು ಕಾಯಂ ಆಯಿತು. ಮೂರು ಸಣ್ಣ ವಾಕ್ಯಗಳು. ಓದುವ ಕಣ್ಣು ಇವುಗಳ ಮೇಲೆ ಎಲ್ಲೂ ನಿಲ್ಲದೆ ಜಿಗಿದು ಹೋಗಿಬಿಡಬಹುದು.

ಅವತ್ತು ಪೆನ್ನು ಏಕೆ ನಿಂತಿತು? ಬಹಳ ವರ್ಷ ನಾನು ನನಗೇ ಹೇಳಿಕೊಂಡದ್ದು, ಹಳೆಯ ಸಾಲು ನನಗೂ ಬಾಯಿಗೆ ಬರುತ್ತಿತ್ತು, ಹಾಗಾಗಿ ಕೊರತೆ ಕೇಳಿಸಲಿಲ್ಲ ಎಂದು. ಚುಕ್ಕೆ ಆಕಸ್ಮಿಕ ಎಂದು. ಸೂಪರ್‌ವೈಸರ್ ಆಗ ಕೆಮ್ಮಿದ, ಕೈ ತಡೆಯಿತು ಎಂದು. ಕೆಮ್ಮು ಈಗ ಸ್ಪಷ್ಟವಾಗಿ ಕೇಳಿಸುತ್ತದೆ. ನೆನಪಿನಲ್ಲಿ ಅದನ್ನು ಕೂರಿಸಿದವಳು ನಾನೇ ಇರಬೇಕು.

ಮೆಟ್ರೋ ದಾಸರಹಳ್ಳಿಗೆ ಬಂದು ಬಹಳ ವರ್ಷವಾಗಿತ್ತು, ನಾನು ಅಲ್ಲಿನ ಮೇಷ್ಟ್ರ ಮನೆಗೆ ಹೋದಾಗ. ಹೋದ ವರ್ಷದ ಮಾತು. ಬಾಗಿಲು ತೆಗೆದ ಅವರ ಹೆಂಡತಿ ಅಡುಗೆಮನೆಯಲ್ಲಿ ನಿಂತು ಪೇಪರ್ ಓದುತ್ತಿದ್ದವರು. “ಅವರೆದುರು ಕೂತ್ಕೊಂಡು ಓದಕ್ಕಾಗಲ್ಲ ಕಣಮ್ಮ. ಯಾರೋ ಜೇಬಿಗೆ ಕೈ ಹಾಕಿದ ಹಾಗಾಗತ್ತೆ,” ಎಂದು ನಕ್ಕರು. ಮೇಷ್ಟ್ರು ಬಡಕಲಾಗಿದ್ದರು. ಹಣಮಂತ ಊರಿಗೆ ಹೋಗಿ ಅಂಗಡಿ ಇಟ್ಟಿದ್ದಾನೆ, ಎಡಗೈಯಲ್ಲಿ ಕಾಗದ ಬರೆಯುತ್ತಾನೆ ಎಂದರು. ಒಂದು ಕಾಗದ ತೋರಿಸಿದರು. ‘ಸರ, ನಾ ಓದಾಕತ್ತೀನಿ’ ಎಂದು ಶುರುವಾಗುತ್ತಿತ್ತು.

ಆ ಗಾಜಿನ ಹಾಳೆ ಅವರ ಕಿಟಕಿಯ ಹತ್ತಿರ ಗೋಡೆಗೆ ಒರಗಿತ್ತು. ಕಾರ್ಖಾನೆಯವರು ಎಸೆದದ್ದನ್ನು ತಂದಿದ್ದರಂತೆ. ಎತ್ತಿ ನಮ್ಮಿಬ್ಬರ ನಡುವೆ ಮೇಜಿನ ಮೇಲೆ ನಿಲ್ಲಿಸಿದರು. ಹಿಂದೆ ಕೂತರು.

“ಓದಮ್ಮ.”

ಓದಿದೆ. ಅಂಟಿಸಿದ ಅಕ್ಷರಗಳ ಅಂಚು ಎದ್ದಿತ್ತು. ಆರು ಸಾಲು ಸರಾಗವಾಗಿ ಬಂತು. ಏಳನೆಯದು ಅವರ ತುಟಿಯ ಮೇಲಿತ್ತು. ಅಲ್ಲಿ ನಿಂತೆ. ಹಿಂದಕ್ಕೆ ಹೋದೆ. ಆಮೇಲೆ ನಾಲ್ಕೂ ಪದ ಬಿಡದೆ ಓದಿ, ಒಂಬತ್ತು ಮುಗಿಸಿದೆ.

“ಏಳರಲ್ಲಿ ನಿಂತೆ,” ಎಂದರು.

“ಹೌದು ಸಾರ್.”

“ಅವತ್ತೂ ನಿಂತಿದ್ಯಾ?”

ಸಾಲಿನ ಹಿಂದೆ ತುಟಿ ಕಾಣುತ್ತಿರಲಿಲ್ಲ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಅವತ್ತು ಕನ್ನಡಿ ಹಿಡಿದು ಕೇಳಿದ ಹಾಗೇ ಕೇಳಿದ್ದರು. ಕೇಳಿಸಿತ್ತು ಸಾರ್, ಹಣಮಂತ ನಾಲ್ಕು ಪದ ಬಿಟ್ಟ ಎಂದು ಗೊತ್ತಾಗಿತ್ತು, ಪೆನ್ನು ಎತ್ತಿದ್ದೆ, ಬಾಗಿಲಲ್ಲಿ ಸೂಪರ್‌ವೈಸರ್ ನಿಂತಿದ್ದ, ನಿಮ್ಮ ಮುಖದಲ್ಲಿ ಆ ಸಂತೋಷ ಇತ್ತು. ಇಷ್ಟೂ ಒಳಗೆ ಸಾಲಾಗಿ ನಿಂತಿತ್ತು.

“ಇಲ್ಲ ಸಾರ್,” ಎಂದೆ.

ಅವರು ಕೇಳಿಸಿಕೊಂಡರೋ ಇಲ್ಲವೋ. ನನ್ನ ಕಣ್ಣನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಪಕ್ಕಕ್ಕೆ ಬಗ್ಗಿ ಫ್ಲಾಸ್ಕ್ ಎತ್ತಿಕೊಂಡರು.

“ಟೀ ಕುಡಿ,” ಎಂದರು. “ಇನ್ನೊಂದ್ಸಲ ಓದೋಣ.”

ಕುಡಿದೆ. ನಾಲಗೆ ಸುಟ್ಟಿತು. ಮೆಟ್ರೋ ತಪ್ಪಿಹೋಗುತ್ತದೆ ಎಂದೆ. ಒಂದು ಹೋದರೆ ಹಿಂದೆಯೇ ಇನ್ನೊಂದು ಬರುತ್ತದೆಂದು ಆ ಬೀದಿಯ ಮಕ್ಕಳಿಗೂ ಗೊತ್ತು. “ಸರಿ, ಹೋಗ್ಬಾ,” ಎಂದರು. ಬಾಗಿಲಲ್ಲಿ ಬೇಕೆಂದೇ ನಿಧಾನವಾಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡೆ, ತಲೆ ಎತ್ತದೆ.